ಪಾಸ್ಟರ್, ಮೇಷ್ಟ್ರು, ಪ್ರಿನ್ಸಿಪಾಲ್: ಮೂರೂ ಒಬ್ಬರಿಂದ ಆಗುತ್ತದೆಯೇ?

ಪ್ರಶ್ನೆ: ಕಲಬುರಗಿ ಹತ್ತಿರದ ಒಂದು ಸಣ್ಣ ಬೈಬಲ್ ಕಾಲೇಜಿನಲ್ಲಿ ಕೆಲವು ವರ್ಷಗಳಿಂದ ಹೊಸ ಒಡಂಬಡಿಕೆ ಕಲಿಸುತ್ತಿದ್ದೇನೆ. ಜೊತೆಗೆ ಊರಂಚಿನ ಒಂದು ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್. ಸುಮಾರು ಅರವತ್ತು ಮನೆಗಳ ಸಭೆ. ಈಗಿನ ಪ್ರಿನ್ಸಿಪಾಲರು ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ಬನ್ನಿ ಎಂದು ಆಡಳಿತ ಮಂಡಳಿ ನನ್ನನ್ನು ಕೇಳಿದೆ. ಸಭೆಯಲ್ಲಿ ಕೆಲವರಿಗೆ ಖುಷಿ, ಕೆಲವರಿಗೆ ಭಯ. "ಈಗಲೇ ನೀವು ಮನೆಗೆ ಸಿಗಲ್ಲ" ಎಂದು ಹೆಂಡತಿ ಹೇಳುತ್ತಿದ್ದಾಳೆ. ಒಪ್ಪಿಕೊಳ್ಳಲೇ? ಒಪ್ಪಿಕೊಂಡರೆ ಪಾಠ ಬಿಡಬೇಕೇ, ಸಭೆ ಬಿಡಬೇಕೇ? ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡುವ ಆಸೆಯೂ ಇತ್ತು.

ಉತ್ತರ: ಕರ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು.

ಒಪ್ಪಿಕೊಳ್ಳಬಹುದು. ಆದರೆ ಆಡಳಿತ ಮಂಡಳಿಗೆ ನೀವು ಹೂಂ ಅನ್ನುವ ಮೊದಲು ನಿಮ್ಮ ಸಭೆ ಹೂಂ ಅನ್ನಬೇಕು. ಸಭೆ ಮನಸ್ಸಿನಿಂದ ಒಪ್ಪದಿದ್ದರೆ ಆ ಕುರ್ಚಿ ಬೇಡ. ಈ ಭಾಗದಲ್ಲಿ ನಾನೂ ಬಹಳ ಕಾಲ ದೈವಶಾಸ್ತ್ರ ಕಲಿಸಿದವನು, ಸಭೆ ನಡೆಸಿದವನು, ಕಾಲೇಜಿನ ಆಡಳಿತ ನೋಡಿದವನು. ಆ ಅನುಭವದಿಂದಲೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ನೀವು ಮೂರು ಕೆಲಸ ಎಂದು ಬರೆದಿದ್ದೀರಿ. ನನ್ನ ಪ್ರಕಾರ ಅವು ಎರಡೇ. ಕಲಿಸುವುದು ಮತ್ತು ಸಭೆ ಕಾಯುವುದು ಬೇರೆ ಬೇರೆ ಅಲ್ಲ. ಎಫೆಸದವರಿಗೆ ಬರೆದ ಪತ್ರದ 4:11ರಲ್ಲಿ ಪೌಲನು ಸಭಾಪಾಲಕರನ್ನೂ ಉಪದೇಶಕರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಿಮ್ಮ ವಾರವನ್ನೇ ನೋಡಿ. ಸೋಮವಾರ ಕ್ಲಾಸಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ತೆಗೆದು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪಾಠ ಮಾಡುತ್ತೀರಿ. ಬುಧವಾರ ಸಂಜೆ ತಾಂಡಾದ ಹುಡುಗನೊಬ್ಬ ಬಂದು, ದೀಕ್ಷಾಸ್ನಾನ ತಗೋಬೇಕು ಅನ್ನುತ್ತಾನೆ. ಮನೆಯಲ್ಲಿ ಅಪ್ಪನಿಗೆ ಇಷ್ಟವಿಲ್ಲ. ಮದುವೆ ಮಾತುಕತೆ ಬೇರೆ ನಡೆದಿದೆ. ಕ್ರಿಸ್ತನ ಜೊತೆ ಸತ್ತು ಎದ್ದೆವು ಎಂಬ ಮಾತು ಆ ಹುಡುಗನಿಗೆ ಏನು? ಅವನ ಮುಂದೆ ಕೂತು ಉತ್ತರ ಹೇಳಿದ ಮೇಲೆ, ಮುಂದಿನ ಸೋಮವಾರ ನಿಮ್ಮ ಪಾಠ ಬೇರೆಯೇ ಆಗಿರುತ್ತದೆ. ಗ್ರೀಕ್ ವ್ಯಾಕರಣ ಅದೇ, ಆದರೆ ಕ್ಲಾಸಿನಲ್ಲಿ ಕೂತವರಿಗೆ ಅದು ಏಕೆ ಬೇಕು ಎಂದು ಗೊತ್ತಾಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಮಾತು ಕನ್ನಡ, ಸೇಡಂ–ಗುರುಮಠಕಲ್ ಕಡೆಯವರದು ತೆಲುಗು, ಔರಾದ್–ಭಾಲ್ಕಿಯವರದು ಮರಾಠಿ, ತಾಂಡಾದ ಮಕ್ಕಳದು ಲಂಬಾಣಿ. ಪಠ್ಯಪುಸ್ತಕ ಜಾಸ್ತಿ ಇಂಗ್ಲಿಷಿನದು. ಭಾನುವಾರ ಇಂಥದೇ ಜನರಿಗೆ ಪ್ರಸಂಗ ಮಾಡುವವರಿಗೆ ಮಾತ್ರ, ಸೋಮವಾರದ ಕ್ಲಾಸಿನಲ್ಲಿ ಯಾವ ಮಾತು ತಲುಪುತ್ತದೆ, ಯಾವುದು ತಲುಪಲ್ಲ ಎಂದು ತಿಳಿಯುತ್ತದೆ. ಹಾಗಾಗಿ ಪಾಠವನ್ನೂ ಬಿಡಬೇಡಿ, ಪ್ರಸಂಗಪೀಠವನ್ನೂ ಬಿಡಬೇಡಿ.

ಪ್ರಿನ್ಸಿಪಾಲರ ಕೆಲಸ ಬೇರೆ ಥರದ್ದು. ಹಾಸ್ಟೆಲಿನ ಮೆಸ್ಸು, ಬತ್ತಿದ ಬೋರ್‌ವೆಲ್, ಸಂಬಳ, ಆಡಿಟ್, ಪರೀಕ್ಷೆ, ಮಾನ್ಯತೆ ಕೊಡುವವರ ತಪಾಸಣೆ, ದಾನಿಗಳಿಗೆ ಪತ್ರ, ಅಧ್ಯಾಪಕರ ನಡುವಿನ ಮನಸ್ತಾಪ. ಇದೂ ದೇವರ ಕೆಲಸವೇ, ಅದರಲ್ಲಿ ಅನುಮಾನ ಬೇಡ. ಆದರೆ ಇದಕ್ಕೆ ಹೊತ್ತು ಗೊತ್ತಿಲ್ಲ. ಪ್ರಸಂಗದ ತಯಾರಿ ಶುಕ್ರವಾರದವರೆಗೆ ಕಾಯುತ್ತದೆ. ಮೆಸ್ಸಿನ ಗ್ಯಾಸ್ ಸಿಲಿಂಡರ್ ಕಾಯುವುದಿಲ್ಲ. ಹೀಗೆ ಕಾಯದ ಕೆಲಸಗಳು ಕಾಯುವ ಕೆಲಸಗಳನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗುತ್ತವೆ. ಮೊದಲು ಹೋಗುವುದು ಓದು. ಆಮೇಲೆ ಮನೆಭೇಟಿ. "ಪಾಸ್ಟರ್, ಈಗೀಗ ನೀವು ಸಿಗೋದೇ ಇಲ್ರಿ" ಎಂದು ಒಬ್ಬ ಅಜ್ಜಿ ಹೇಳುವ ಹೊತ್ತಿಗೆ ಬಹಳ ಮನೆಗಳು ನಿಮ್ಮ ಕೈ ಬಿಟ್ಟಿರುತ್ತವೆ.

ಈ ಮೂರನ್ನೂ ಒಬ್ಬರ ಹೆಗಲಿಗೆ ಹಾಕುವುದು ಬ್ಯಾಪ್ಟಿಸ್ಟರಿಗೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರಾಡ್‌ಮೀಡ್ ಎಂಬ ಸಭೆಯ ಹಿರಿಯ ಎಡ್ವರ್ಡ್ ಟೆರಿಲ್ 1679ರಲ್ಲಿ ತನ್ನ ಆಸ್ತಿಯನ್ನು ಒಂದು ಉದ್ದೇಶಕ್ಕೆ ಬರೆದುಕೊಟ್ಟ. ಗ್ರೀಕ್, ಹೀಬ್ರೂ ಬಲ್ಲ ಪಾಸ್ಟರ್ ಒಬ್ಬರು ಆ ಸಭೆಯಲ್ಲಿರಬೇಕು, ಸೇವೆಗೆ ಬರುವ ಹುಡುಗರಿಗೆ ಅವರು ಪಾಠ ಹೇಳಬೇಕು. ಬ್ರಿಸ್ಟಲ್ ಬ್ಯಾಪ್ಟಿಸ್ಟ್ ಕಾಲೇಜು ತನ್ನ ಬೇರನ್ನು ಗುರುತಿಸುವುದು ಅಲ್ಲಿಂದಲೇ. ಅಂದರೆ ಕಾಲೇಜು ಹುಟ್ಟಿದ್ದೇ ಸಭೆಯ ಒಳಗೆ. ಅದೇ ಜಾಗದಲ್ಲಿ ಜಾನ್ ರೈಲ್ಯಾಂಡ್ ಎಂಬವರು 1793ರಿಂದ 1825ರಲ್ಲಿ ತೀರಿಕೊಳ್ಳುವವರೆಗೆ ಬ್ರಾಡ್‌ಮೀಡಿನ ಪಾಸ್ಟರೂ ಆಗಿದ್ದರು, ಕಾಲೇಜಿನ ಮುಖ್ಯಸ್ಥರೂ ಆಗಿದ್ದರು. ಹತ್ತು ವರ್ಷ ಮುಂಚೆ, 1783ರಲ್ಲಿ, ನಾರ್ಥಾಂಪ್ಟನ್ನಿನ ನದಿಯಲ್ಲಿ ಒಬ್ಬ ಚಮ್ಮಾರ ಯುವಕನಿಗೆ ದೀಕ್ಷಾಸ್ನಾನ ಕೊಟ್ಟವರೂ ಇವರೇ. ಆ ಯುವಕ, ಮುಂದೆ ಮಿಷನರಿಯಾಗಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ.

ಕೇರಿಯವರ ಬದುಕನ್ನು ನೀವು ಕ್ಲಾಸಿನಲ್ಲಿ ಹೇಳಿಯೇ ಇರುತ್ತೀರಿ. ಪ್ರಿನ್ಸಿಪಾಲರಾಗುವ ಮೊದಲು ಅದನ್ನು ಇನ್ನೊಮ್ಮೆ ಓದಿ. ಕಲ್ಕತ್ತೆ ಹತ್ತಿರದ ಸೆರಾಂಪುರದಲ್ಲಿ ಸಭೆ ನಡೆಸುತ್ತಲೇ ಅವರು 1801ರಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಲಿಸಿದರು. 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. 1818ರಲ್ಲಿ ಸೆರಾಂಪುರ ಕಾಲೇಜು ಶುರುವಾಯಿತು. 1827ರಲ್ಲಿ ಡೆನ್ಮಾರ್ಕಿನ ರಾಜನ ಸನದಿನಿಂದ ಅದಕ್ಕೆ ಪದವಿ ಕೊಡುವ ಹಕ್ಕು ಬಂತು. ಇಂದು ನಮ್ಮ ಹುಡುಗರು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರದ ಪದವಿಯಾದ ಬಿ.ಡಿ. ಮಾಡಿದರೂ ಪದವಿ ಬರುವುದು ಸೆರಾಂಪುರದ ಹೆಸರಿನಲ್ಲೇ. ಇಷ್ಟೆಲ್ಲ ಒಬ್ಬರೇ ಮಾಡಿದರು ಎಂದು ನಾವು ಹೇಳಿಬಿಡುತ್ತೇವೆ. ನಿಜ ಹಾಗಿಲ್ಲ. ಅಲ್ಲಿ ಮೂವರಿದ್ದರು. ಭಾಷಾಂತರ ಕೇರಿಯವರದು, ಶಾಲೆಗಳು ಜೋಶುವಾ ಮಾರ್ಷ್‌ಮನ್ ಮತ್ತು ಅವರ ಹೆಂಡತಿ ಹನ್ನಾ ಅವರದು, ಮುದ್ರಣಾಲಯ ವಿಲಿಯಂ ವಾರ್ಡ್ ಅವರದು. ದುಡಿದ ಹಣ ಸಮುದಾಯದ ಒಂದೇ ಪೆಟ್ಟಿಗೆಗೆ ಬೀಳುತ್ತಿತ್ತು. ಕೇರಿಯವರ ಪ್ರೊಫೆಸರ್ ಸಂಬಳವೂ ಅಲ್ಲಿಗೇ. ಹಾಗಿದ್ದೂ 1827ರಲ್ಲಿ, ಆಸ್ತಿ ಯಾರದು, ಅಧಿಕಾರ ಯಾರದು ಎಂಬ ವಿಷಯದಲ್ಲಿ ಅವರಿಗೂ ಇಂಗ್ಲೆಂಡಿನ ಮಿಷನ್ ಸೊಸೈಟಿಗೂ ಸಂಬಂಧವೇ ಕಡಿದುಹೋಯಿತು. ಅಂಥ ಭಕ್ತರ ನಡುವೆಯೇ ಹೀಗಾಯಿತು. ಹಾಗಾಗಿ ಕಾಲೇಜು ಯಾರ ಹೆಸರಿನಲ್ಲಿದೆ, ನಿಮ್ಮ ಅಧಿಕಾರ ಎಲ್ಲಿಯವರೆಗೆ, ನಿಮ್ಮನ್ನು ಪ್ರಶ್ನಿಸುವವರು ಯಾರು, ಎಲ್ಲವನ್ನೂ ಕಾಗದದ ಮೇಲೆ ನೋಡದೆ ಸಹಿ ಹಾಕಬೇಡಿ.

ಇನ್ನು ಇಂಗ್ಲೆಂಡಿನ ಹೆಸರಾಂತ ಬ್ಯಾಪ್ಟಿಸ್ಟ್ ಪ್ರಸಂಗಿ ಸ್ಪರ್ಜನ್. ಲಂಡನ್ನಿನಲ್ಲಿ 1854ರಲ್ಲಿ ಪಾಸ್ಟರ್ ಆದರು. 1856ರಲ್ಲಿ ಒಬ್ಬನೇ ವಿದ್ಯಾರ್ಥಿಯಿಂದ ಪಾಸ್ಟರ್‌ಗಳ ಕಾಲೇಜು ಶುರು ಮಾಡಿದರು. ದಿನದಿನದ ಕಾಲೇಜು ನೋಡಿಕೊಳ್ಳಲು ಜಾರ್ಜ್ ರೋಜರ್ಸ್ ಎಂಬವರನ್ನು ಕರೆತಂದರು. ತಾವು ಶುಕ್ರವಾರ ಮಧ್ಯಾಹ್ನ ಹೋಗಿ ಹುಡುಗರಿಗೆ ಉಪನ್ಯಾಸ ಕೊಡುತ್ತಿದ್ದರು. ಸಭೆ ದೊಡ್ಡದಾದಾಗ 1868ರಲ್ಲಿ ತಮ್ಮ ಜೇಮ್ಸ್ ಸಹಪಾಸ್ಟರ್ ಆಗಿ ಬಂದರು. ಕಾಲೇಜು ಸ್ಪರ್ಜನ್ ಅವರದೇ, ಸಭೆಯೂ ಅವರದೇ. ಆದರೂ ಎರಡೂ ಕಡೆ ದಿನನಿತ್ಯದ ಭಾರ ಹೊರಲು ಇನ್ನೊಬ್ಬರಿದ್ದರು. ಅಷ್ಟಾದರೂ ಆರೋಗ್ಯ ಕೆಟ್ಟಿತ್ತು. 1892ರಲ್ಲಿ 57ನೇ ವಯಸ್ಸಿಗೇ ಹೋಗಿಬಿಟ್ಟರು.

ರೈಲ್ಯಾಂಡ್, ಕೇರಿ, ಸ್ಪರ್ಜನ್ ಅವರ ಹೆಸರು ಹೇಳಿ ನಿಮ್ಮನ್ನು ಹುರಿದುಂಬಿಸುವುದು ನನ್ನ ಉದ್ದೇಶವಲ್ಲ. ಮೂರು ಕೆಲಸ ಒಂದೇ ಕಡೆ ಸೇರಿದಾಗ ಪಕ್ಕದಲ್ಲಿ ಯಾರಿದ್ದರು ಎಂದು ನೋಡಿ ಎನ್ನುತ್ತೇನೆ. ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ? ನಿಮ್ಮ ಪತ್ರದಲ್ಲಿ ಒಬ್ಬ ಹಿರಿಯರ ಮಾತೂ ಇಲ್ಲ. ಅದೇ ನನಗೆ ಚಿಂತೆ.

ಈಗ ಸಭೆಯ ವಿಷಯ. ನಮ್ಮ ಸುತ್ತ ಬೀದರಿನಿಂದ ಯಾದಗಿರಿಯವರೆಗೆ ಮೆಥಡಿಸ್ಟ್ ಸಭೆಗಳು ಬಹಳ. ಅಲ್ಲಿ ಪಾಸ್ಟರನ್ನು ಎಲ್ಲಿಗೆ ಕಳಿಸಬೇಕು ಎಂದು ಬಿಷಪ್ಪರು ನೇಮಿಸುತ್ತಾರೆ. ನಮ್ಮ ಜನರ ಮನಸ್ಸಿನಲ್ಲೂ ಆ ಪದ್ಧತಿಯೇ ಕೂತಿದೆ. ಮೇಲಿನವರು ಹೇಳಿದರೆ ಆಯಿತು ಎಂಬ ಭಾವನೆ. ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಾಗಿಲ್ಲ. ಗಡಿಯಾಚೆ ಮಹಬೂಬ್‌ನಗರ, ಗದ್ವಾಲದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ ನೆಟ್ಟ ತೆಲುಗು ಸಭೆಗಳಿವೆ, ನಮ್ಮಲ್ಲಿ ಸ್ವತಂತ್ರವಾಗಿ ಬೆಳೆದ ಕನ್ನಡ ಸಭೆಗಳಿವೆ. ಎಲ್ಲಿ ಹುಟ್ಟಿದ್ದರೂ ಮೂಲ ತತ್ವ ಒಂದೇ. ಪಾಸ್ಟರನ್ನು ಕರೆಯುವುದು ಸಭೆ. ಅವರ ಸೇವೆಯನ್ನು ಬದಲಿಸುವ ಮಾತೂ ಸಭೆಯಲ್ಲೇ ಆಗಬೇಕು. ಸಭೆಯ ಕೂಟ ಕರೆಯಿರಿ. ನೀವೇ ಅಧ್ಯಕ್ಷತೆ ವಹಿಸಬೇಡಿ. ನಿಮ್ಮ ವಿಷಯ ಮಾತಾಡುವಾಗ ಸ್ವಲ್ಪ ಹೊತ್ತು ಹೊರಗೂ ಹೋಗಿ. ಎದುರಿಗಿದ್ದರೆ ನಮ್ಮ ಜನ "ನೀವು ಹೇಳಿದಂಗ ಆಗ್ಲಿರಿ ಪಾಸ್ಟರ್" ಅಂದುಬಿಡುತ್ತಾರೆ. ಭಯವಿದೆ ಎಂದವರ ಮಾತನ್ನು ಮೊದಲು ಕೇಳಲು ಹೇಳಿ. ಹೆಣ್ಣುಮಕ್ಕಳ ಮಾತನ್ನೂ ಕೇಳಲಿ, ಯಾಕೆಂದರೆ ಮನೆಭೇಟಿ ಕಡಿಮೆಯಾದರೆ ಮೊದಲು ಗೊತ್ತಾಗುವುದು ಅವರಿಗೇ.

ಕೂಟದ ಮುಂದೆ ಇಡಬೇಕಾದ ಪ್ರಸ್ತಾಪ ನನ್ನ ಪ್ರಕಾರ ಹೀಗಿರಲಿ. ಪ್ರಿನ್ಸಿಪಾಲ್ ಹುದ್ದೆ ಮೂರು ವರ್ಷಕ್ಕೆ ಮಾತ್ರ, ಮುಗಿಯುವ ತಾರೀಖು ಈಗಲೇ ಬರೆದಿರಬೇಕು. ಕಾಲೇಜಿನಲ್ಲಿ ಲೆಕ್ಕ, ಹಾಸ್ಟೆಲ್, ಕಟ್ಟಡ ನೋಡಲು ಒಬ್ಬ ಆಡಳಿತಾಧಿಕಾರಿಯನ್ನು ಮಂಡಳಿ ಕೊಡಬೇಕು. ಅರ್ಧ ದಿನದವರಾದರೂ ಸರಿ. ಕೊಡದಿದ್ದರೆ ಬೇಡ ಎಂದು ಹೇಳಿಬಿಡಿ. ಪಾಠದಲ್ಲಿ ಒಂದು ವಿಷಯ ಉಳಿಸಿಕೊಳ್ಳಿ, ಎರಡು ಬಿಡಿ. ತಿಂಗಳಲ್ಲಿ ಮೂರು ಭಾನುವಾರ ಪ್ರಸಂಗ ನಿಮ್ಮದು, ಒಂದು ಬೇರೆ ಹಿರಿಯರದು. ಮನೆಭೇಟಿಗೆ ಅರವತ್ತು ಮನೆಗಳನ್ನು ಹಿರಿಯರು, ಡೀಕನ್‌ಗಳು (ಸಭೆಯ ಕೆಲಸಕ್ಕೆ ನೆರವಾಗುವವರು) ಹಂಚಿಕೊಳ್ಳಲಿ, ಕಾಯಿಲೆ ಮತ್ತು ಸಾವಿನ ಮನೆಗೆ ನೀವೇ ಹೋಗಿ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಇತ್ರೋನನು ಅಳಿಯ ಮೋಶೆಗೆ ಹೇಳುವ ಮಾತನ್ನು ಗಮನಿಸಿ. ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎನ್ನುತ್ತಾನೆ. ಜನ ದಣಿಯುವ ಮಾತನ್ನು ನಾವು ಮರೆಯುತ್ತೇವೆ. ಒಬ್ಬರಿಗಾಗಿ ಕಾದು ಕಾದು ಸಭೆಯೇ ಸುಸ್ತಾಗುತ್ತದೆ.

ನಮ್ಮ ಭಾಗದ ವರ್ಷಚಕ್ರವನ್ನೂ ಲೆಕ್ಕಕ್ಕೆ ತಗೊಳ್ಳಿ. ಡಿಸೆಂಬರ್ ಬಂತೆಂದರೆ ತೊಗರಿ ರಾಶಿ, ಕ್ರಿಸ್ಮಸ್ ಹಾಡಿನ ಗುಂಪು, ಕಾಲೇಜಿನ ಪರೀಕ್ಷೆ ಎಲ್ಲ ಒಂದೇ ಸಾರಿ ತಲೆಮೇಲೆ ಬೀಳುತ್ತವೆ. ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳು ಕೂಲಿಗೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗಿಬಿಡುತ್ತವೆ. ಹೋಗುವ ಮುಂಚಿನ ಎರಡು ವಾರ ಪಾಸ್ಟರ್ ಮನೆಮನೆಗೆ ಹೋಗಿ ಪ್ರಾರ್ಥಿಸಿ ಕಳಿಸಬೇಕು. ಅದು ಬಹಳ ಮುಖ್ಯ. ಪ್ರಿನ್ಸಿಪಾಲರಿಗೆ ಒಂದು ಅನುಕೂಲ ಇದೆ, ಕ್ಯಾಲೆಂಡರ್ ಮಾಡುವವರು ನೀವೇ. ಪರೀಕ್ಷೆಯನ್ನು ನವೆಂಬರ್ ಕೊನೆಗೆ ಎಳೆಯಬಹುದಾದರೆ ಎಳೆಯಿರಿ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಭಾನುವಾರ ನಿಮ್ಮ ಸಭೆಗೇ ಬರುತ್ತಾರೆ, ಅಲ್ವಾ? ಅವರಿಗೆ ನೀವು ಪಾಸ್ಟರ್. ಶನಿವಾರ ರಾತ್ರಿ ಒಬ್ಬ ಹುಡುಗ ಬಂದು ಅಳುತ್ತಾ ತನ್ನ ಪಾಪ ಹೇಳಿಕೊಳ್ಳುತ್ತಾನೆ ಎಂದುಕೊಳ್ಳಿ. ಪರೀಕ್ಷೆಯಲ್ಲಿ ನಕಲು ಮಾಡಿದೆ ಅನ್ನುತ್ತಾನೆ. ಸೋಮವಾರ ಅದೇ ವಿಷಯ ಶಿಸ್ತು ಸಮಿತಿಗೆ ಬರುತ್ತದೆ. ಅಧ್ಯಕ್ಷರು ನೀವೇ. ಪಾಸ್ಟರಿಗೆ ಹೇಳಿದ್ದನ್ನು ಪ್ರಿನ್ಸಿಪಾಲರು ಬಳಸಿದರೆ, ಮುಂದೆ ಯಾವ ವಿದ್ಯಾರ್ಥಿಯೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಕೂತರೆ ಸುಳ್ಳಾಗುತ್ತದೆ. ಈ ಇಕ್ಕಟ್ಟಿಗೆ ಜಾಣತನದಿಂದ ಪರಿಹಾರವಿಲ್ಲ, ವ್ಯವಸ್ಥೆಯಿಂದ ಮಾತ್ರ ಇದೆ. ಕಾಲೇಜಿಗೆ ಬೇರೆ ಸಭೆಯ ಒಬ್ಬರನ್ನು ಚಾಪ್ಲಿನ್ (ವಿದ್ಯಾರ್ಥಿಗಳ ಆತ್ಮಿಕ ಸಲಹೆಗಾರ) ಮಾಡಿ. ಹತ್ತಿರದ ಮೆಥಡಿಸ್ಟ್ ಪಾಸ್ಟರ್ ಆದರೂ ಸರಿ. ವಿದ್ಯಾರ್ಥಿಗಳು ಮನಸ್ಸು ಬಿಚ್ಚಿ ಮಾತಾಡುವುದು ಅವರ ಹತ್ತಿರ. ನಿಮ್ಮ ಸಭೆಗೆ ಬರುವ ವಿದ್ಯಾರ್ಥಿಯ ವಿಷಯ ಸಮಿತಿಗೆ ಬಂದ ದಿನ ನೀವು ಎದ್ದು ಹೊರಗೆ ಹೋಗಿ, ಉಪಪ್ರಿನ್ಸಿಪಾಲರು ನೋಡಲಿ. ವರ್ಷದ ಮೊದಲ ದಿನವೇ ಇದನ್ನು ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಿ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಇಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಯಾರೇ ಹೇಳಿದರೂ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಪಾಸ್ಟರಿಗೆ ಹೇಳಿದ ಮಾತು ಎಂಬ ವಿನಾಯಿತಿ ಅದರಲ್ಲಿಲ್ಲ. ಸಂಡೇ ಸ್ಕೂಲ್, ಬೇಸಿಗೆ ರಜೆಯ ಮಕ್ಕಳ ಬೈಬಲ್ ಶಾಲೆ (ವಿ.ಬಿ.ಎಸ್.) ನಡೆಸುವ ನಿಮ್ಮ ವಿದ್ಯಾರ್ಥಿಗಳಿಗೂ ಇದನ್ನು ಪಾಠದಂತೆ ಕಲಿಸಿ. ಕಾಲೇಜಿನಲ್ಲಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹೆಣ್ಣುಮಕ್ಕಳ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ ನಿಮ್ಮ ಮೊದಲ ತಿಂಗಳ ಕೆಲಸ ಅದು.

ವಿದ್ಯಾರ್ಥಿಗಳ ವಾರಾಂತ್ಯದ ಸೇವೆಯನ್ನೂ ನೋಡಿಕೊಳ್ಳಿ. ಎಲ್ಲರನ್ನೂ ನಿಮ್ಮ ಸಭೆಗೇ ಎಳೆದುಕೊಳ್ಳುವ ಆಸೆ ಬರುತ್ತದೆ. ಹಾಡಲು ಜನ ಸಿಗುತ್ತಾರೆ, ಗೋಡೆಗೆ ಸುಣ್ಣ ಹೊಡೆಯಲೂ ಸಿಗುತ್ತಾರೆ. ಬೇಡ. ಅವರು ಜೇವರ್ಗಿ, ಚಿತ್ತಾಪುರ, ಆಳಂದ ಕಡೆಯ ಸಣ್ಣ ಸಭೆಗಳಿಗೆ ಹೋಗಲಿ. ನಿಮ್ಮ ಸಭೆಗೆ ಬರುವ ಒಬ್ಬಿಬ್ಬರ ವರದಿಯನ್ನು ಬೇರೆ ಹಿರಿಯರು ಬರೆಯಲಿ.

ದೀಕ್ಷಾಸ್ನಾನದ ವಿಷಯ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಕಾಲೇಜಿನಲ್ಲಿ ಮೆಥಡಿಸ್ಟ್, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಗಳ ಮಕ್ಕಳಿದ್ದಾರೆ. ಅವರಿಗೆ ಕೂಸಿದ್ದಾಗಲೇ ಸ್ನಾನವಾಗಿದೆ. ನಿಮ್ಮ ಸಭೆಯ ಸದಸ್ಯತ್ವಕ್ಕೆ ನಂಬಿದ ಮೇಲಿನ ಮುಳುಗು ದೀಕ್ಷಾಸ್ನಾನ ಬೇಕು. ಸಭೆಯಲ್ಲಿ ಅದನ್ನು ಸಡಿಲ ಮಾಡಬೇಡಿ. ಕಾಲೇಜಿನಲ್ಲಿ ಆ ಮಕ್ಕಳ ಮೇಲೆ ಒತ್ತಡ ಹಾಕಬೇಡಿ. ಪ್ರಿನ್ಸಿಪಾಲರ ಒಂದು ಮಾತಿಗೆ ವಿದ್ಯಾರ್ಥಿ ಇಲ್ಲ ಅನ್ನಲಾರ. ಇನ್ನೊಬ್ಬರ ಅಧಿಕಾರಕ್ಕೆ ಹೆದರಿ ತಗೊಂಡ ದೀಕ್ಷಾಸ್ನಾನ ಸ್ವಂತ ನಂಬಿಕೆಯದ್ದಾಗುವುದಿಲ್ಲ, ಹಾಗಾಗಿ ಬ್ಯಾಪ್ಟಿಸ್ಟ್ ಲೆಕ್ಕದಲ್ಲೇ ಅದು ನಿಲ್ಲುವುದಿಲ್ಲ. ಕ್ಲಾಸಿನಲ್ಲಿ ಎರಡೂ ಕಡೆಯ ವಾದವನ್ನು ಪ್ರಾಮಾಣಿಕವಾಗಿ ಹೇಳಿ, ನಿಮ್ಮದು ಯಾವುದು ಎಂದೂ ಹೇಳಿ. ಮೇಲೆ ಹೇಳಿದ ಜಾರ್ಜ್ ರೋಜರ್ಸ್ ಇದ್ದಾರಲ್ಲ, ಅವರು ಬ್ಯಾಪ್ಟಿಸ್ಟರೇ ಅಲ್ಲ. ಶಿಶು ದೀಕ್ಷಾಸ್ನಾನ ಒಪ್ಪುವ ಕಾಂಗ್ರಿಗೇಷನಲ್ ಸಭೆಯವರು. ಸ್ಪರ್ಜನ್ ಅಂಥವರ ಕೈಗೇ ತಮ್ಮ ಕಾಲೇಜು ಕೊಟ್ಟರು. ನಮ್ಮ ಪಕ್ಕದ ಹೈದರಾಬಾದಿನ ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಬ್ಯಾಪ್ಟಿಸ್ಟರು, ಲುಥೆರನ್ನರು, ಸಿ.ಎಸ್.ಐ.ನವರು ಒಂದೇ ಸೂರಿನಡಿ ಕಲಿಸಿದ್ದಾರೆ.

ಹಣದ ಬಗ್ಗೆ ಚಿಕ್ಕದಾಗಿ. ಕಾಲೇಜಿನ ಚೆಕ್ಕಿಗೂ ಸಭೆಯ ಚೆಕ್ಕಿಗೂ ನಿಮ್ಮದೇ ಸಹಿ ಇರಬಾರದು. ಪೂರ್ತಿ ಸಂಬಳ ಒಂದೇ ಕಡೆಯಿಂದ ಬರಲಿ, ಇನ್ನೊಂದು ಕಡೆಯಿಂದ ಏನು ಸಿಗುತ್ತದೆ ಎಂಬುದು ಎರಡೂ ಲೆಕ್ಕಪುಸ್ತಕದಲ್ಲಿ ಕಾಣಲಿ. ಕಾಲೇಜಿಗೆ ವಿದೇಶಿ ದೇಣಿಗೆ ಬರುತ್ತಿದ್ದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್.ಸಿ.ಆರ್.ಎ.) 2020ರ ತಿದ್ದುಪಡಿಯನ್ನು ಲೆಕ್ಕಪರಿಶೋಧಕರ ಜೊತೆ ಕೂತು ಓದಿ. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ. ಆ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಸಭೆಯ ಛಾವಣಿ ಸೋರುತ್ತಿದೆ ಎಂದು ಕಾಲೇಜಿನ ಹಣದಿಂದ ತಗಡು ತಂದರೆ ಅದು ಸಣ್ಣ ತಪ್ಪಲ್ಲ. ಎರಡೂ ಕಡೆ ಒಬ್ಬರೇ ಇದ್ದಾಗ ಈ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ.

ನಿಮ್ಮ ಹೆಂಡತಿಯ ಮಾತಿಗೆ ಬರುತ್ತೇನೆ. ಅದನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ಅದೇ ದೊಡ್ಡದಾಗಿ ಕಾಣುತ್ತಿದೆ. ಕೇರಿಯವರ ಹೆಂಡತಿ ಡೊರೊಥಿ ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ನರಳಿ 1807ರಲ್ಲಿ ತೀರಿಕೊಂಡರು. ತಾಯಿ ಮಲಗಿದ್ದಾಗ, ತಂದೆ ಕೆಲಸದಲ್ಲಿ ಮುಳುಗಿದ್ದಾಗ, ಹೇಳುವವರಿಲ್ಲದೆ ಬೆಳೆಯುತ್ತಿದ್ದ ಅವರ ಗಂಡುಮಕ್ಕಳನ್ನು ಹತ್ತಿರ ಕರೆದು ತಿದ್ದಿದವರು ಹನ್ನಾ ಮಾರ್ಷ್‌ಮನ್ ಮತ್ತು ವಾರ್ಡ್. ಇದನ್ನು ನಾವು ಪ್ರಸಂಗದಲ್ಲಿ ಹೇಳುವುದಿಲ್ಲ. ಹೇಳಬೇಕು. ವಾರದಲ್ಲಿ ಒಂದು ದಿನ ಕಾಲೇಜಿಗೂ ಇಲ್ಲ, ಸಭೆಗೂ ಇಲ್ಲ ಎಂದು ಸಭೆಯ ಕೂಟದಲ್ಲೇ ಗೊತ್ತು ಮಾಡಿಸಿ. ಆ ದಿನ ಫೋನ್ ಯಾವ ಹಿರಿಯರ ಹತ್ತಿರ ಇರುತ್ತದೆ ಎಂಬುದನ್ನೂ ಸೇರಿಸಿ. ಕೂಟಕ್ಕೆ ಮುಂಚೆ ನಿಮ್ಮ ಹೆಂಡತಿಯ ಜೊತೆ ಕೂತು ಈ ಇಡೀ ಪ್ರಸ್ತಾಪ ಓದಿ. ಅವರಿಗೆ ಅದು ಆಗದ ಮಾತು ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಮಂಡಳಿಗೆ ಇಲ್ಲ ಎಂದು ಬರೆಯಿರಿ. ಅದರಿಂದ ನಿಮ್ಮ ಕರೆ ಕಡಿಮೆಯಾಗುವುದಿಲ್ಲ.

ಎಂ.ಟಿಎಚ್. ಬಗ್ಗೆ. ಅದು ಎರಡು ವರ್ಷದ ಓದು, ಊರು ಬಿಟ್ಟು ಹೋಗಬೇಕಾಗಬಹುದು. ಪ್ರಿನ್ಸಿಪಾಲ್ ಆಗಿದ್ದುಕೊಂಡು ಮಾಡುತ್ತೇನೆ ಎಂದುಕೊಳ್ಳಬೇಡಿ. ಮಂಡಳಿಯ ಮುಂದೆ ಇನ್ನೊಂದು ದಾರಿ ಇಡಿ: ಬೇರೆ ಹಿರಿಯ ಅಧ್ಯಾಪಕರು ಎರಡು ವರ್ಷ ಹಂಗಾಮಿಯಾಗಿ ನೋಡಿಕೊಳ್ಳಲಿ, ನೀವು ಓದಿ ಬಂದು ವಹಿಸಿಕೊಳ್ಳಿ. ಆ ಎರಡು ವರ್ಷದಲ್ಲಿ ನಿಮ್ಮ ಸಭೆಯ ಹಿರಿಯರು ಪ್ರಸಂಗ, ಭೇಟಿ, ಕರ್ತನ ಭೋಜನ ನಡೆಸಲು ಕಲಿತಿರುತ್ತಾರೆ. ನಿಮಗೆ ಇದೇ ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಮಂಡಳಿಗೆ ಕಾಯಲು ಆಗದಿದ್ದರೆ ಮಾತ್ರ ಮೇಲಿನ ಮೂರು ವರ್ಷದ ಪ್ರಸ್ತಾಪಕ್ಕೆ ಬನ್ನಿ. ಎರಡನ್ನೂ ಬರೆದು ಸಭೆಯ ಕೂಟದಲ್ಲಿ ಓದಿ. ಹಿರಿಯರು ಏನೆಂದರು ಎಂದು ತಿಳಿಸಿ. ಆಡಳಿತ ಮಂಡಳಿಯ ನಿಯಮಾವಳಿಯ ಪ್ರತಿ ಕಳಿಸಿದರೆ ಅದನ್ನೂ ಓದಿ ಬರೆಯುತ್ತೇನೆ.